ಹದಿನೇಳು ಜಗಲಿ

ನಮ್ಮ ಚೀಫ್ ಅವರ ಬಲಗಣ್ಣಿನ ಹುಬ್ಬು ನಡುವೆ ತುಂಡಾಗಿತ್ತು. ಏಳು ವರ್ಷದವರಿದ್ದಾಗ ಸರೋವರದ ಮರದ ಕಟ್ಟೆಯಿಂದ ಜಾರಿ, ಮೊಳೆ ತಗುಲಿ ಆದ ಗಾಯವಂತೆ. ಅಷ್ಟು ಜಾಗದಲ್ಲಿ ಮತ್ತೆ ಕೂದಲು ಬೆಳೆಯಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಮಾಸ್ಕು, ಟೋಪಿ ಹಾಕಿಕೊಂಡ ಮೇಲೆ ಒಬ್ಬರ ಮುಖದಲ್ಲಿ ಇನ್ನೊಬ್ಬರಿಗೆ ಕಾಣುವುದು ಕಣ್ಣು, ಹುಬ್ಬು ಇಷ್ಟೇ. ಅವರಿಗೆ ಸಿಟ್ಟು ಬಂದರೆ ಆ ತುಂಡು ಹುಬ್ಬಿನ ಹೊರಗಿನ ಅರ್ಧ ಮಾತ್ರ ಮೇಲೇಳುತ್ತಿತ್ತು. ನಾವು ಅರಿವಳಿಕೆಯ ವೈದ್ಯರೆಲ್ಲ ಮಾನಿಟರಿನ ಗೆರೆಗಳನ್ನು ನೋಡುವಷ್ಟೇ ಭಯಭಕ್ತಿಯಿಂದ ಅದನ್ನು ನೋಡುತ್ತಿದ್ದೆವು.

ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ನಮ್ಮ ವಿಭಾಗದ ಮುಖ್ಯಸ್ಥೆ. ಶಿಕಾಗೋದ ಸೌತ್ ಸೈಡಿನಲ್ಲಿ ಹುಟ್ಟಿದವರು. ಅಜ್ಜ ಔಷಧಿ ಅಂಗಡಿ ಇಟ್ಟಿದ್ದರು, ಅಪ್ಪ ದಂತವೈದ್ಯರು. ಕಪ್ಪು ಜನರಲ್ಲಿ ಮೂರು ತಲೆಮಾರು ಓದಿ ಮೇಲೆ ಬಂದ ಮನೆತನ, ಮತ್ತು ಅದನ್ನು ಎದುರಿಗಿದ್ದವರು ಮರೆಯದಂತೆ ನೋಡಿಕೊಳ್ಳುವ ಮನೆತನ. ನಾನು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮಾಡಿ, ಇಲ್ಲಿ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಬರೆದು, ಡೆಟ್ರಾಯಿಟ್ ಹೊರವಲಯದ ಪ್ಲಿಮತ್‌ನಲ್ಲಿ ಮನೆ ಮಾಡಿದವಳು. ಸೇರಿದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ತಂಗಿಯ ಮದುವೆಗೆಂದು ಆಗಸ್ಟ್ ಮೊದಲ ಎರಡು ವಾರ ರಜೆ ಬೇಕೆಂದು ಬರೆದುಕೊಟ್ಟೆ. ಆ ಎರಡು ವಾರ ಅವರದೆಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಹುಬ್ಬು ಮೇಲೆದ್ದಿತು. "ಜುಲೈ ನಂದು, ಬೇಕಾದ್ರೆ ಕೊಡ್ತೀನಿ. ಆಗಸ್ಟ್ ನಂದಲ್ಲ, ನಮ್ಮಜ್ಜಂದು" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ಅದರ ಗತ್ತು ಇದಕ್ಕೆ ಬರುವುದಿಲ್ಲ.

ತಂಗಿಯ ಮದುವೆ ಸೆಪ್ಟೆಂಬರಿಗೆ ಹೋಯಿತು. ಅಜ್ಜನ ಆಗಸ್ಟ್ ಎಂದರೇನೆಂದು ತಿಳಿಯಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ಮಿಶಿಗನ್ನಿನ ಪಶ್ಚಿಮಕ್ಕೆ, ನಮ್ಮ ಮನೆಯಿಂದ ಮೂರೂವರೆ ಗಂಟೆ ಡ್ರೈವ್ ದೂರದಲ್ಲಿ, ಪೈನ್ ಮರಗಳ ನಡುವೆ ಒಂದು ಸಣ್ಣ ಸರೋವರವಿದೆ. ಬೇರೆ ಯಾವ ಸರೋವರದ ದಡದಲ್ಲೂ ಕಪ್ಪು ಜನರಿಗೆ ಕೋಣೆ ಕೊಡದೆ, ನೀರಿಗೂ ಇಳಿಯಗೊಡದೆ ಇದ್ದ ಕಾಲದಲ್ಲಿ ಶಿಕಾಗೋ ಮತ್ತು ಡೆಟ್ರಾಯಿಟ್‌ನ ಕಪ್ಪು ಡಾಕ್ಟರುಗಳು, ವಕೀಲರು, ಮೇಷ್ಟ್ರುಗಳು ಸೇರಿ ಅಲ್ಲಿ ನಿವೇಶನ ಕೊಂಡು ಮರದ ಮನೆಗಳನ್ನು ಕಟ್ಟಿಕೊಂಡರು. ಈಗ ಅವರ ಮೊಮ್ಮಕ್ಕಳು, ಮರಿಮಕ್ಕಳು ಬರುತ್ತಾರೆ. ಅವರಿಗೆ ಈಗ ಯಾವ ದೇಶದ ಯಾವ ಕಡಲತೀರಕ್ಕಾದರೂ ಹೋಗಿಬರುವ ಶಕ್ತಿ ಇದೆ. ಆದರೂ ಆಗಸ್ಟಿನಲ್ಲಿ ಅಲ್ಲಿಗೇ ಬರಬೇಕು, ಸೊಳ್ಳೆ ಕಚ್ಚಿಸಿಕೊಳ್ಳಬೇಕು, ಜಗಲಿಯಲ್ಲಿ ಕೂತು ಇಸ್ಪೀಟಾಡಬೇಕು. ಸರೋವರದ ಸುತ್ತ ಹದಿನೇಳು ಮನೆ, ಹದಿನೇಳು ಜಗಲಿ. ಮೊದಲ ಶನಿವಾರದ ಸಂಜೆ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಜಗಲಿಯಿಂದ ಜಗಲಿಗೆ ಹೋಗಿ ಮಾತಾಡಿಸಿಬರುವುದು ಪದ್ಧತಿ. ಆ ನಡಿಗೆ ಎಂದಿನಿಂದಲೂ ನಮ್ಮ ಚೀಫ್ ಅವರ ಜಗಲಿಯಿಂದಲೇ ಶುರುವಾಗುತ್ತಿತ್ತು. ಹೊಸಬರು ತಾವಾಗಿ ಯಾರ ಮೆಟ್ಟಿಲನ್ನೂ ಹತ್ತುವಂತಿಲ್ಲ. ಕರೆತಂದವರು ಮುಂದೆ ನಿಂತು, "ಇವರು ನನ್ನವರು" ಎಂದು ಹೇಳಬೇಕು. ಹೇಳಿದ ಮೇಲೆ ಆ ಹೊಸಬರ ನಡತೆಗೆಲ್ಲ ಅವರೇ ಹೊಣೆ.

ಒಂದು ಕಷ್ಟದ ಕೇಸಿನಲ್ಲಿ ಅವರ ಜೊತೆ ಒಂಬತ್ತು ಗಂಟೆ ನಿಂತ ಮರುವಾರ ನನಗೆ ಆಹ್ವಾನ ಬಂತು. ಬಿಳಿ ಬಟ್ಟೆ ತರಬೇಕೆಂಬ ಅಪ್ಪಣೆಯೂ ಬಂತು. ಅಚ್ಚ ಬಿಳಿ ಉಟ್ಟು ಗಂಡನ ಜೊತೆ ಹೊರಡುವುದೆಂದರೆ ನಮ್ಮತ್ತೆ ಮೈಸೂರಿನಿಂದಲೇ ವೀಡಿಯೊ ಕಾಲ್‌ನಲ್ಲಿ ಕಣ್ಣೀರು ಹಾಕುತ್ತಾರೆ. ಹಸಿರು ಅಂಚಿನ ಕೆನೆಬಣ್ಣದ ಸೀರೆ ಉಟ್ಟು ಅತ್ತೆಗೂ ಚೀಫ್‌ಗೂ ಮಧ್ಯದ ದಾರಿ ಹಿಡಿದೆ. ಅವರು ಅಂಚನ್ನು ನೋಡಿ ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ನನಗಾಗಿ ಹಂದಿಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಸೊಪ್ಪು ಬೇಯಿಸಿಟ್ಟಿದ್ದರು. ಅವರ ತಂಗಿ ಅದನ್ನು ರುಚಿ ನೋಡಿ, ಇದು ಹಸುವಿಗೆ ಹಾಕುವಂಥದ್ದು ಎಂದಳು. ನಾನು ಅದಕ್ಕೊಂದು ಒಗ್ಗರಣೆ ಕೊಟ್ಟ ಮೇಲೆ ಅವಳೇ ಎರಡು ಸಲ ಬಡಿಸಿಕೊಂಡಳು.

ಆ ಸಂಜೆ ಪ್ರತಿ ಜಗಲಿಯಲ್ಲೂ ನನ್ನನ್ನು ಕೇಳಿದ್ದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು: ಎಲ್ಲಿ ಓದಿದ್ದು, ಯಾರ ಮಗಳು, ಅಪ್ಪ ಏನು ಮಾಡುತ್ತಿದ್ದರು, ಇದು ಎಷ್ಟನೆಯ ಬೇಸಿಗೆ. ನನಗೆ ನಗು ಬಂತು. ನಮ್ಮ ಕಡೆ ಮದುವೆಮನೆಯಲ್ಲಿ ಹೊಸಬರು ಎಲೆಯ ಮುಂದೆ ಕೂರುವ ಮೊದಲೇ ಇಷ್ಟನ್ನೂ ಕೇಳಿ ಮುಗಿಸಿರುತ್ತಾರೆ. ಇಲ್ಲಿ ಕಾರು ಯಾವುದೆಂದು ಯಾರೂ ನೋಡುವುದಿಲ್ಲ, ಎಷ್ಟು ಬೇಸಿಗೆ ಎಂದು ಎಣಿಸುತ್ತಾರೆ. ಸ್ವಂತ ಮನೆಯವರು ಒಂದು ಮೆಟ್ಟಿಲು, ಬಾಡಿಗೆಗೆ ಬಂದವರು ಅದರ ಕೆಳಗೆ, ಬೆಳಗ್ಗೆ ಬಂದು ಸಂಜೆ ಹೋಗುವವರು ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕಿಲ್ಲ ಎಂದರೇನೆಂದು ಮರುದಿನವೇ ಕಂಡೆ. ನಮ್ಮ ಥಿಯೇಟರಿನಲ್ಲಿ ರೋಗಿಗಳನ್ನು ಗಾಲಿಮಂಚದಲ್ಲಿ ತರುವ ಸಹಾಯಕಿಯೊಬ್ಬಳಿದ್ದಳು, ಡೆಟ್ರಾಯಿಟ್‌ನ ಕಪ್ಪು ಹೆಂಗಸು. ಹದಿನೈದು ವರ್ಷದಿಂದ ಚೀಫ್ ಅವರ ಕೈಕೆಳಗೆ ಕೆಲಸ ಮಾಡಿದವಳು. ಅವಳು ತನ್ನ ಅಕ್ಕನ ಮಕ್ಕಳನ್ನು ಕರೆದುಕೊಂಡು ಸಾರ್ವಜನಿಕ ದಡಕ್ಕೆ ಬಂದಿದ್ದಳು. ನಮ್ಮನ್ನು ಜಗಲಿಯಲ್ಲಿ ಕಂಡು ಸಂತೋಷದಿಂದ ಕೈ ಬೀಸುತ್ತ ಮೆಟ್ಟಿಲ ಬುಡಕ್ಕೆ ಬಂದಳು. ಚೀಫ್ ನಗುತ್ತಲೇ ಮಾತಾಡಿಸಿದರು, ನೀರು ಹೇಗಿದೆ ಎಂದು ಕೇಳಿದರು. ಮೇಲೆ ಬಾ ಎನ್ನಲಿಲ್ಲ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಅವಳು ಸ್ವಲ್ಪ ಹೊತ್ತು ನಿಂತಳು, ಆಮೇಲೆ ತಾನೇ ಏನೋ ನೆಪ ಹೇಳಿ ಹೋದಳು. ನನ್ನ ಕೈಯಲ್ಲಿ ತಣ್ಣನೆಯ ಚಹಾದ ಲೋಟವಿತ್ತು. ನನಗೆ ಬೇಜಾರಾಯಿತು. ಚೀಫ್ ಅವರ ಮೇಲೆ ಸಿಟ್ಟೂ ಬಂತು. ಆದರೆ ಲೋಟ ಕೆಳಗಿಟ್ಟು ಎದ್ದುಹೋಗುವಷ್ಟು ಬರಲಿಲ್ಲ.

ಅವರದೊಂದು ಕಟ್ಟುನಿಟ್ಟು ಇತ್ತು. ಜಗಲಿಯಲ್ಲಿ ಆಡಿದ ಮಾತು ಮೆಟ್ಟಿಲಿಳಿದು ಹೋಗಕೂಡದು. ಯಾರ ಮಗ ಕುಡಿಯುತ್ತಾನೆ, ಯಾರ ಸೊಸೆ ಬಿಟ್ಟುಹೋದಳು, ಎಲ್ಲವನ್ನೂ ಅಲ್ಲಿ ಆಡುತ್ತಿದ್ದರು. ಆಡಿ ಅಲ್ಲೇ ಬಿಡುತ್ತಿದ್ದರು. ನನ್ನ ಮೂರನೆಯ ಬೇಸಿಗೆಯಲ್ಲಿ ಹಾಗೆ ಬಂದದ್ದು ಪಕ್ಕದ ಮನೆಯ ಹೆಡ್‌ಮಾಸ್ಟರ ವಿಷಯ. ಡೆಟ್ರಾಯಿಟ್‌ನ ಶಾಲೆಯೊಂದನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದ ಎಂಬತ್ತೈದರ ಮುದುಕರು ಅವರು. ಹೆಂಡತಿ ತೀರಿಕೊಂಡ ಮೇಲೆ ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದರು. ಅಟ್ಲಾಂಟಾದಲ್ಲಿದ್ದ ಮಗನಿಗೆ ಅದನ್ನು ಮಾರಿ ಕೈತೊಳೆದುಕೊಳ್ಳುವ ಆತುರ. ಅಲ್ಲಿನ ರೂಢಿಯಂತೆ ಮನೆ ಮಾರುವುದಾದರೆ ಮೊದಲು ಜಗಲಿಗಳಲ್ಲಿ ಹೇಳಬೇಕು, ತಮ್ಮವರೇ ಯಾರಾದರೂ ಕೊಳ್ಳುತ್ತಾರೆ. ಡೆಟ್ರಾಯಿಟ್‌ನ ಒಬ್ಬ ವಕೀಲೆ ಮನಸ್ಸು ಮಾಡಿದ್ದಳು. ಮುದುಕರು ಇರುವಷ್ಟು ದಿನ ಆ ಮನೆಯಲ್ಲೇ ಇರಲಿ ಎಂದೂ ಒಪ್ಪಿದ್ದಳು. ಅವಳ ಬ್ಯಾಂಕಿನ ಸಾಲ ಮಂಜೂರಾಗಲು ಇನ್ನೊಂದು ವರ್ಷವಾಗಬಹುದಿತ್ತು. ಅಲ್ಲಿಯವರೆಗೆ ಮಗ ತಡೆಯುತ್ತಾನೋ ಇಲ್ಲವೋ ಎಂಬುದೇ ಚೀಫ್ ಅವರ ಚಿಂತೆ. ಇಷ್ಟನ್ನೂ ನನ್ನೆದುರು ಹೇಳಿದರು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ಗಂಡ ಸರೋವರದ ಫೋಟೋಗಳನ್ನು ನಮ್ಮ ಕನ್ನಡ ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ಒಬ್ಬ ಸ್ನೇಹಿತರಿಗೆ ಸರೋವರದ ಬದಿಯ ಮನೆಗಳನ್ನು ಕೊಂಡು ವಾರಾಂತ್ಯದ ಬಾಡಿಗೆಗೆ ಬಿಡುವ ಉಪಕಸುಬಿತ್ತು. ವಸಂತ ಕಾಲದ ಒಂದು ಭಾನುವಾರ ಅವರು ನನಗೆ ಫೋನ್ ಮಾಡಿದರು. ನಾನು ಸ್ಪೀಕರ್ ಹಾಕಿಕೊಂಡು ಹುಳಿಗೆ ತರಕಾರಿ ಹೆಚ್ಚುತ್ತಿದ್ದೆ. ಅಲ್ಲಿ ಯಾರಾದರೂ ಮಾರುವವರಿದ್ದಾರಾ ಎಂದು ಕೇಳಿದರು. ಇದ್ದಾರೆ, ಆದರೆ ಹೊರಗಿನವರಿಗೆ ಕೊಡುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನನಗೆ ಅಲ್ಲಿನ ಒಳಗಿನ ವಿಷಯವೆಲ್ಲ ಗೊತ್ತು ಎಂದು ತೋರಿಸಿಕೊಳ್ಳುವ ಚಪಲ. ಹೆಡ್‌ಮಾಸ್ಟರ ಮಗನ ಆತುರ, ಅವನು ಎಲ್ಲಿದ್ದಾನೆ, ಆ ಸರೋವರದ ಸುತ್ತ ನಮ್ಮ ಚೀಫ್ ಅವರ ಮಾತೆಂದರೆ ಮಾತು ಎಂಬುದನ್ನೆಲ್ಲ ಒದರಿದೆ. ಹುಳಿಗೆ ಒಗ್ಗರಣೆ ಬೀಳುವಷ್ಟರಲ್ಲಿ ಅದನ್ನು ಮರೆತೂಬಿಟ್ಟೆ.

ಆಗಸ್ಟಿನ ಮೊದಲ ಗುರುವಾರ ಚೀಫ್ ಸರೋವರದಿಂದ ಫೋನ್ ಮಾಡಿದರು. ನೇಪರ್‌ವಿಲ್‌ನಿಂದ ಯಾರೋ ಹೆಡ್‌ಮಾಸ್ಟರ ಮಗನನ್ನು ಹಿಡಿದು, ನಾವು ಡಾಕ್ಟರ ಸ್ನೇಹಿತರು, ಅವರ ಕಡೆಯಿಂದಲೇ ಬಂದವರು ಎಂದಿದ್ದರಂತೆ. ಆ ದಡದಲ್ಲಿ ಡಾಕ್ಟರೆಂದರೆ ಚೀಫ್. ಅವರೇ ಕಳಿಸಿದ್ದಾರೆಂದರೆ ಜಗಲಿಗಳೆಲ್ಲ ಒಪ್ಪಿದ ಹಾಗೆ ಎಂದುಕೊಂಡು ಅವನು ಮಾತು ಕೊಟ್ಟಿದ್ದ. ಸೋಮವಾರ ಸಹಿ. ಮುದುಕರು ತಿಂಗಳೊಳಗೆ ಮನೆ ಬಿಡಬೇಕು.

"ನೀನು ಹೇಳಿದ್ಯಾ?" ಎಂದು ಕೇಳಿದರು.

ನಾನು ತಡವರಿಸಿದೆ. ನೆನಪಿಲ್ಲ, ಹೇಳಿರಲಿಕ್ಕಿಲ್ಲ ಎಂದೇನೋ ಅಂದೆ. ಅವರು, "ಶನಿವಾರ ಬಾ. ಒಬ್ಬಳೇ ಬಾ. ಬಿಳಿ ಹಾಕ್ಕೊಂಡು ಬಾ" ಎಂದು ಫೋನ್ ಇಟ್ಟರು.

ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ನನ್ನ ಹದಿನೈದು ವರ್ಷದ ಮಗಳು ತಲೆ ಎತ್ತಿದಳು. "ಅಮ್ಮಾ, ಯು ಟೋಲ್ಡ್ ಹಿಮ್. ಐ ವಾಸ್ ರೈಟ್ ಹಿಯರ್" ಎಂದಳು. ಇವಳ ಮುಖವನ್ನೇ ನನಗೆ ನೋಡಲಾಗಲಿಲ್ಲ, ಇನ್ನು ಶನಿವಾರ ಅವರ ಮುಖವನ್ನು ಹೇಗೆ ನೋಡುವುದು?

ನೇಪರ್‌ವಿಲ್‌ಗೆ ಫೋನ್ ಮಾಡಿದೆ. ಸ್ನೇಹಿತರಿಗೆ ಅದರಲ್ಲಿ ತಪ್ಪೇನೆಂದೇ ಅರ್ಥವಾಗಲಿಲ್ಲ. "ಅವ್ರ್ ಮಾರ್ತಿದಾರೆ, ನಾವ್ ತಗೋತಿದೀವಿ. ಇದ್ರಲ್ಲಿ ಯಾರಿಗೇನ್ ಅನ್ಯಾಯ ಆಯ್ತು ಹೇಳಿ? ನಾವು ನಿಮ್ ಫ್ರೆಂಡ್ಸೇ ಅಲ್ವಾ, ಅದ್ರಲ್ಲಿ ಸುಳ್ಳೇನಿದೆ?" ಎಂದರು. ಆಮೇಲೆ, "ನಿಮ್ಮನೆಯವ್ರೂ ಇದಾರಲ್ಲ ಇದ್ರಲ್ಲಿ, ಅವ್ರು ಹೇಳ್ಲಿಲ್ವಾ?" ಎಂದರು.

ಹೇಳಿರಲಿಲ್ಲ. ನಾಲ್ಕು ಮನೆಯವರು ಸೇರಿ ಹಾಕುತ್ತಿದ್ದ ಬಂಡವಾಳದಲ್ಲಿ ನನ್ನ ಗಂಡನದೂ ಒಂದು ಪಾಲಿತ್ತು. ಅವನು ಆಫೀಸಿನಿಂದ ಬರುವವರೆಗೆ ನಾನು ಗರಾಜಿನಲ್ಲೇ ನಿಂತಿದ್ದೆ. ನಿನಗೆ ಸರ್‌ಪ್ರೈಸ್ ಕೊಡೋಣವೆಂದಿದ್ದೆ, ನಿನ್ನ ಚೀಫ್ ಪಕ್ಕದಲ್ಲೇ ನಮ್ಮದೂ ಒಂದು ಮನೆ ಆಗುತ್ತಿತ್ತು ಎಂದ. ಅವನು ಅದನ್ನು ಮನಸಾರೆ ಹೇಳಿದ್ದ, ನನಗೆ ಹೆಚ್ಚು ನೋವಾದದ್ದು ಅದಕ್ಕೇ. "ಅಲ್ಲೊಬ್ರು ಅಜ್ಜ ಇದಾರೆ, ಗೊತ್ತಾ ನಿಂಗೆ? ಅವ್ರ್ ಜೊತೆ ಕೂತು ಇಸ್ಪೀಟಾಡಿದೀಯ" ಎಂದೆ. ನಿನ್ನ ಪಾಲು ತೆಗೆಯದಿದ್ದರೆ ಆ ಊರಿಗಷ್ಟೇ ಅಲ್ಲ, ಈ ಮನೆಗೂ ನಾನು ವಾಪಸು ಬರುವುದಿಲ್ಲ ಎಂದು ಸಿಟ್ಟಿನಲ್ಲಿ ಹೇಳಿದೆ. ಶನಿವಾರ ಮಧ್ಯಾಹ್ನ ಕಾರು ಹತ್ತುವಾಗಲೂ ಅವನು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ಸಂಜೆ ಐದಕ್ಕೆ ತಲುಪಿದೆ. ಅಂಚಿಲ್ಲದ ಅಚ್ಚ ಬಿಳಿ ಚೂಡಿದಾರ ಹಾಕಿದ್ದೆ. ಪ್ರತಿ ವರ್ಷ ಆ ಹೊತ್ತಿಗೆ ತುಂಬಿರುತ್ತಿದ್ದ ಚೀಫ್ ಅವರ ಜಗಲಿಯಲ್ಲಿ ಅವರೊಬ್ಬರೇ ನಿಂತಿದ್ದರು. ಕೂರು ಎನ್ನಲಿಲ್ಲ. "ಹೇಳಿದ್ಯಾ?" ಎಂದು ಮತ್ತೆ ಕೇಳಿದರು. ಹೌದು ಎಂದೆ. ಗಂಡನ ಪಾಲಿನ ವಿಷಯವನ್ನೂ ಹೇಳಿದೆ. ತುಂಡು ಹುಬ್ಬು ಕದಲಲಿಲ್ಲ, ನನಗೆ ಅದರಿಂದ ಇನ್ನೂ ಹೆದರಿಕೆಯಾಯಿತು. "ನಡಿ" ಎಂದರು.

ಮೊದಲ ಜಗಲಿ ನಿವೃತ್ತ ನ್ಯಾಯಾಧೀಶರದು. ಅವರು ಇಸ್ಪೀಟಿನಿಂದ ಕಣ್ಣೆತ್ತಲಿಲ್ಲ. ಚೀಫ್ ಮೆಟ್ಟಿಲ ಮೇಲೆ ನಿಂತೇ ಇದ್ದರು. ಅರವತ್ತೆಂಟು ವರ್ಷದ ಹೆಂಗಸು ಕೈ ಕಟ್ಟಿಕೊಂಡು, ಸ್ಕೂಲಿನ ಹುಡುಗಿ ತರಗತಿಯ ಹೊರಗೆ ನಿಂತ ಹಾಗೆ. ಕೊನೆಗೆ ಆತ ಎಲೆಗಳನ್ನು ಕೆಳಗಿಟ್ಟು ನೋಡಿದರು.

"ಇವಳು ನನ್ನವಳು. ಮಾತು ಹೋದದ್ದು ನನ್ನ ಜಗಲಿಯಿಂದ. ತಪ್ಪು ನಂದು" ಎಂದರು ಚೀಫ್.

ನ್ಯಾಯಾಧೀಶರು ನಿಧಾನವಾಗಿ, ನೀನು ಅವರನ್ನು ಕಳಿಸಲಿಲ್ಲ ಎಂದಷ್ಟು ಹೇಳು, ಈ ಹೆಣ್ಣುಮಗಳು ತಾನಾಗಿ ಮಾಡಿದ್ದು ಎಂದು ಹೇಳು, ನಾವು ಇಲ್ಲಿಗೇ ಬಿಡುತ್ತೇವೆ ಎಂದರು. ಅದು ನಿಜವೂ ಆಗಿತ್ತು. ಚೀಫ್ ಒಂದು ಮಾತು ಅಂದಿದ್ದರೆ ಸಾಕಿತ್ತು.

"ನಾನು ಹೇಳೋಕೆ ಬಂದಿರೋದು ಹೇಳಿ ಆಯ್ತು" ಎಂದು ಅವರು ಮೆಟ್ಟಿಲಿಳಿದರು.

ಎರಡನೆಯ ಜಗಲಿಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಕೆಲವರು ತಲೆಯಾಡಿಸಿದರು. ಒಬ್ಬಾಕೆ ನಾವು ಬರುವುದನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೀಫ್ ಮುಚ್ಚಿದ ಬಾಗಿಲಿಗೂ ಅದೇ ಮಾತು ಹೇಳಿದರು. ಯಾರೂ ನೀರು ಕೊಡಲಿಲ್ಲ. ಅವರ ಉಸಿರು ಏರುತ್ತಿತ್ತು, ನಾನು ತೋಳು ಹಿಡಿಯಹೋದರೆ ಕೈ ಕೊಡವಿದರು. ಸಾಕು, ನಾನೇ ಹೇಳುತ್ತೇನೆ ಎಂದು ಮಧ್ಯದಲ್ಲಿ ಅಂದೆ. ಈ ಊರಿನಲ್ಲಿ ನಿನ್ನ ಮಾತಿಗೆ ಬೆಲೆ ಇಲ್ಲ, ಅದಕ್ಕೇ ನಾನು ಬಂದಿರುವುದು ಎಂದರು. ಅದನ್ನು ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಕೊನೆಯದು ಹೆಡ್‌ಮಾಸ್ಟರ ಜಗಲಿ. ಅವರು ಬಿಳಿ ಸೂಟು, ಟೈ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಚೀಫ್ ಹೇಳಿದ್ದನ್ನು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮಗನ ವಿಷಯ ಅವರಿಗೆ ಯಾಕೆ ಹೇಳಿದೆ ಎಂದು ಕೇಳಿದರು. ಎಷ್ಟು ಹುಡುಕಿದರೂ ನನ್ನಲ್ಲಿ ಒಳ್ಳೆಯ ಕಾರಣ ಇರಲಿಲ್ಲ. "ನನಗೆ ಗೊತ್ತು ಅಂತ ತೋರಿಸ್ಕೊಳ್ಳೋಕೆ" ಎಂದೆ.

ಅವರು ಟೈ ಸರಿಮಾಡಿಕೊಂಡರು. "ನನ್ನ ಶಾಲೆಯಲ್ಲಿ ಹೀಗೆ ನಿಜ ಹೇಳಿದ ಮಕ್ಕಳನ್ನ ನಾನು ಶಿಕ್ಷೆ ಅಂತ ಮನೆಗೆ ಕಳಿಸ್ತಿರಲಿಲ್ಲ. ಈಗ ನನ್ನನ್ನೇ ಮನೆಯಿಂದ ಕಳಿಸ್ತಿದಾರೆ" ಎಂದರು.

ನನ್ನ ಗಂಡನ ಮೆಸೇಜು ಭಾನುವಾರ ಬೆಳಗ್ಗೆ ಬಂತು. ಪಾಲು ತೆಗೆದಿದ್ದೇನೆ, ಉಳಿದವರೂ ಹಿಂದೆ ಸರಿದರು ಎಂದು ಬರೆದಿದ್ದ. ನೇಪರ್‌ವಿಲ್‌ನ ಸ್ನೇಹಿತರು ಅಂದಿನಿಂದ ನಮ್ಮ ಜೊತೆ ಮಾತು ಬಿಟ್ಟರು. ಆದರೆ ಕೆಟ್ಟದ್ದು ಕೆಟ್ಟೇಹೋಗಿತ್ತು. ಹೊರಗಿನವರು ಕೊಳ್ಳಲು ಸಾಲು ನಿಲ್ಲುತ್ತಾರೆಂಬುದು ಮಗನಿಗೆ ಗೊತ್ತಾಗಿಬಿಟ್ಟಿತ್ತು. ವಕೀಲೆಗಾಗಿ ಅವನು ಕಾಯಲಿಲ್ಲ. ಅಕ್ಟೋಬರಿನಲ್ಲಿ ಯಾವುದೋ ಬಾಡಿಗೆ ಕಂಪನಿಗೆ ಮನೆ ಹೋಯಿತು. ಹೆಡ್‌ಮಾಸ್ಟರು ಡೆಟ್ರಾಯಿಟ್‌ನಲ್ಲಿ ಮಗಳ ಮನೆ ಸೇರಿದರು. ಮುಂದಿನ ಆಗಸ್ಟಿನಲ್ಲಿ ಶನಿವಾರದ ನಡಿಗೆ ನ್ಯಾಯಾಧೀಶರ ಜಗಲಿಯಿಂದ ಶುರುವಾಯಿತೆಂದು ಚೀಫ್ ಅವರ ತಂಗಿ ನನಗೆ ಹೇಳಿದಳು. ಚೀಫ್ ಹೇಳಲಿಲ್ಲ. ಅವರ ಅಜ್ಜನ ಕಾಲದಿಂದ ಬಂದದ್ದು ನನ್ನ ಒಂದು ಫೋನಿನ ಮಾತಿಗೆ ಹೋಯಿತು.

ಅವರು ನನ್ನನ್ನು ಒಂದು ದಿನವೂ ಬೈಯಲಿಲ್ಲ. ತಡೆಯಲಾರದೆ ಒಮ್ಮೆ ಥಿಯೇಟರಿನ ಹೊರಗೆ ಕೈ ತೊಳೆಯುವಾಗ ನಾನೇ ಕೇಳಿದೆ, ಇವಳು ನನ್ನವಳಲ್ಲ ಎಂದು ಯಾಕೆ ಹೇಳಲಿಲ್ಲ ಎಂದು. ಅವರು ನಲ್ಲಿಯನ್ನು ನೋಡುತ್ತಲೇ ಹೇಳಿದರು. ಅವರು ಒಂಬತ್ತು ವರ್ಷದವರಿದ್ದಾಗ ಅಪ್ಪನ ದೊಡ್ಡಪ್ಪನ ಮಗನೊಬ್ಬ ಸರೋವರಕ್ಕೆ ಬಂದಿದ್ದನಂತೆ, ಕಾರ್ಖಾನೆಯ ಕೆಲಸಗಾರ. ಶನಿವಾರದ ಸಂಜೆ ಕುಡಿದು ಏನೋ ರಂಪ ಮಾಡಿದ. ಜಗಲಿಯವರು ಯಾರಿವನು ಎಂದು ಕೇಳಿದರೆ ಅಪ್ಪ ಗೊತ್ತಿಲ್ಲ ಎಂದುಬಿಟ್ಟರು. ಅವನು ಅಲ್ಲೇ ಕೆಳಗೆ ನಿಂತು ಕೇಳಿಸಿಕೊಂಡ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

"ನಮ್ಮ ಜಾಗ ಉಳೀತು" ಎಂದರು. ನಲ್ಲಿ ನಿಲ್ಲಿಸಿ, "ನಾನೂ ಮಾಡಿದೀನಿ. ನೀನೇ ನೋಡಿದೀಯ, ಅವತ್ತು ಬಿಸಿಲಲ್ಲಿ" ಎಂದರು. ನಾನು ನೋಡಿದ್ದನ್ನು ಅವರೂ ನೋಡಿದ್ದರೆಂದು ನನಗೆ ಆಗಲೇ ತಿಳಿದದ್ದು. ಆ ಸಹಾಯಕಿಯನ್ನು ಅವರು ಆಮೇಲೆ ಜಗಲಿಗೆ ಕರೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಮರುವರ್ಷ ಅವರಿಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಯಿತು. ನಾಲ್ಕು ತಿಂಗಳೂ ಉಳಿಯಲಿಲ್ಲ. ಅಂತ್ಯಸಂಸ್ಕಾರ ಶಿಕಾಗೋದಲ್ಲಿ, ಅವರ ಅಜ್ಜ ಹೋಗುತ್ತಿದ್ದ ಚರ್ಚಿನಲ್ಲಿ. ಹಿಂದಿನ ದಿನವೇ ಹೋಗಿ ವೆಸ್ಟ್‌ಮಂಟ್‌ನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದುಕೊಂಡೆ. ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಶನಿವಾರದ ಸಂಜೆಯ ವಿಷಯವನ್ನೆಲ್ಲ ಬರೆದಿದ್ದೆ. ಚರ್ಚಿನಲ್ಲಿ ಅವರ ತಂಗಿ ನನ್ನನ್ನು ಕಂಡು, ನೀನೂ ಎರಡು ಮಾತಾಡು ಎಂದು ಮೈಕಿನ ಹತ್ತಿರ ಕಳಿಸಿದಳು.

ಎದುರಿನ ಸಾಲುಗಳಲ್ಲಿ ಸರೋವರದವರಿದ್ದರು. ನ್ಯಾಯಾಧೀಶರಿದ್ದರು, ಬಾಗಿಲು ಹಾಕಿಕೊಂಡಾಕೆ ಇದ್ದಳು. ಮಗಳ ತೋಳು ಹಿಡಿದು ಹೆಡ್‌ಮಾಸ್ಟರೂ ಬಂದಿದ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಳೆ ನನ್ನ ಕೈಯಲ್ಲೇ ಇತ್ತು. ಇವರು ನನ್ನ ಕೆಲಸದಲ್ಲಿ ಹಿರಿಯರು, ನನಗೆ ಬಹಳ ಕಲಿಸಿದರು ಎಂದಷ್ಟೇ ಹೇಳಿ ಇಳಿದುಬಂದೆ.

ಆ ಹಾಳೆಯಲ್ಲಿದ್ದದ್ದನ್ನೇ ಈಗ ಇಲ್ಲಿ ಬರೆದಿದ್ದೇನೆ. ಅದನ್ನು ಕೇಳಬೇಕಾಗಿದ್ದವರಿಗೆ ಕನ್ನಡ ಬರುವುದಿಲ್ಲ. ನನಗಾಗಿ ಅವರು ಹದಿನಾರು ಸಲ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲಿಗೂ ಬಿಡದೆ, ಇವಳು ನನ್ನವಳು ಎಂದರು. ನಾನು ಒಂದು ಸಲ ಹೇಳಬೇಕಾಗಿತ್ತು, ಹೇಳಲಿಲ್ಲ.